ಬಿದ್ದ ಅಡಿಕೆ ಮರಕ್ಕೆ ಸರ್ಕಾರ ಕೊಡೋದೆಷ್ಟು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮಳೆಗಾಲ ಬಂತೆಂದರೆ ಒಂದು ಶಬ್ದ ಪದೇ ಪದೇ ಕೇಳ್ತದೆ: ಪರಿಹಾರ. ಆ ದುಡ್ಡು ಎಷ್ಟು, ಹೇಗೆ ಲೆಕ್ಕ ಆಗ್ತದೆ? ನಾನು ಬಿಕಾಂ ಓದಿದವ, ಹಾಗಾಗಿ ಕ್ಯಾಲ್ಕುಲೇಟರ್ ಹಿಡ್ಕೊಂಡೇ ಕೂತಿದ್ದೇನೆ.

ಈ ದುಡ್ಡು ಬರೋದು ರಾಜ್ಯ ವಿಪತ್ತು ಪರಿಹಾರ ನಿಧಿ, ಅಂದ್ರೆ ಎಸ್‌ಡಿಆರ್‌ಎಫ್‌ನಿಂದ. ನಮ್ಮ ರಾಜ್ಯದಲ್ಲಿ ಅದಕ್ಕೆ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. 2022ರಿಂದ 2026ರ ಅವಧಿಯ ನಿಯಮದಲ್ಲಿ ಅಡಿಕೆ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ. ಗರಿಷ್ಠ 2 ಹೆಕ್ಟೇರ್. ಬೆಳೆ ನಷ್ಟ ಶೇ. 33 ಆದರೂ ಆಗಿರಬೇಕು. ಗಾಳಿಗೆ ಅಲ್ಲೊಂದು ಇಲ್ಲೊಂದು ಮರ ಬಿದ್ದವರು ಹೊರಗೆ ಉಳಿಯೋದು ಇಲ್ಲೇ.

ಆದರೆ ನಮ್ಮೂರಲ್ಲಿ ಯಾರೂ ಹೆಕ್ಟೇರಲ್ಲಿ ಮಾತಾಡೋದಿಲ್ಲ, ಸೆಂಟ್ಸಲ್ಲಿ ಮಾತಾಡ್ತೇವೆ. 50 ಸೆಂಟ್ಸ್ ತೋಟ ಪೂರ್ತಿ ಹೋಯ್ತು ಅಂದುಕೊಳ್ಳಿ. ಸಿಗೋದು ಸುಮಾರು 4,550 ರೂಪಾಯಿ. ಶಿಫಾರಸಿನ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರ. ಅಂದ್ರೆ ಮರವೊಂದಕ್ಕೆ 16 ರೂಪಾಯಿ ಚಿಲ್ಲರೆ! ಹೊಸ ಸಸಿ ಫಸಲು ಕೊಡಲಿಕ್ಕೆ ಐದಾರು ವರ್ಷ ಬೇಕು ಮಾರಾಯ್ರೆ.

ಇಷ್ಟು ಕಡಿಮೆ ಯಾಕೆ? ನಿಯಮದಲ್ಲೇ ಉತ್ತರ ಉಂಟು. ಅಲ್ಲಿ ಇದರ ಹೆಸರು ನಷ್ಟ ಪರಿಹಾರ ಅಲ್ಲ, ‘ಇನ್‌ಪುಟ್ ಸಬ್ಸಿಡಿ’. ಮತ್ತೆ ಕೃಷಿ ಶುರು ಮಾಡಲಿಕ್ಕೆ ಒಂದು ಸಣ್ಣ ಕೈಹಿಡಿತ, ಅಷ್ಟೇ. ಹೋದ ಮರದ ಬೆಲೆ ಇದರ ಲೆಕ್ಕದಲ್ಲೇ ಇಲ್ಲ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಮೇಲಿಂದ ಸೇರಿಸಬಹುದು. 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿದರು. ಆಗ ಬಹುವಾರ್ಷಿಕ ಬೆಳೆಗೆ 31,000 ಆಯ್ತು. ಮರಕ್ಕೆ 22 ರೂಪಾಯಿ ಚಿಲ್ಲರೆ.

2019ರ ಆಗಸ್ಟ್ ನೆರೆಯಲ್ಲಿ ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆ ಕಡೆ ತೋಟಗಳಿಗೆ ಮರಳು, ಮರದ ದಿಮ್ಮಿ ನುಗ್ಗಿದ್ದು ನೆನಪಿರಬಹುದು. ಹೂಳು ತೆಗೀಲಿಕ್ಕೆ ಬೇರೆಯೇ ದರ ಉಂಟು: 2022ರಿಂದ 2026ರ ಅವಧಿಯ ನಿಯಮದಲ್ಲಿ ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 18,000. ಜೆಸಿಬಿ ಬಾಡಿಗೆ ಗೊತ್ತಿದ್ದವರು ನೀವೇ ಅಳೆದು ನೋಡಿ.

ಇನ್ನೊಂದು ದಾರಿ ಹವಾಮಾನ ಆಧಾರಿತ ಬೆಳೆ ವಿಮೆ. ಎರಡನ್ನೂ ಒಂದೇ ಅಂದುಕೊಳ್ಳೋರು ತುಂಬಾ ಜನ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತರ ಪ್ರೀಮಿಯಂ 6,400. ನಮ್ಮ 50 ಸೆಂಟ್ಸಿಗೆ ಹತ್ತಿರ ಹತ್ತಿರ 1,300. ಆದರೆ ಇಲ್ಲಿ ಯಾರೂ ನಿಮ್ಮ ತೋಟ ನೋಡೋದಿಲ್ಲ. ನೋಡೋದು ಪಂಚಾಯತ್ ಮಟ್ಟದ ಮಳೆ, ಹವೆಯ ಅಂಕಿ. ಕೊಳೆರೋಗದಿಂದ ಕಾಯಿ ಉದುರಿದರೂ ಅಂಕಿ ಮಿತಿ ದಾಟದಿದ್ದರೆ ದುಡ್ಡಿಲ್ಲ. ದಾಟಿದರೆ, ನಷ್ಟ ಆಗದವರಿಗೂ ಉಂಟು.

ಹಾಗಾದರೆ ಮನೆಯ ಮಕ್ಕಳಾಗಿ ನಾವು ಮೊಬೈಲಲ್ಲಿ ಮಾಡಬಹುದಾದ್ದು ಎಂತ? ಒಂದು, ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರ್ ಸೇರಿದ್ದಾ ನೋಡಿ. ಎರಡು, ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಖಾತೆ ಬದಲಾವಣೆಗೆ ಈಗಲೇ ಅರ್ಜಿ ಹಾಕಿ. ಮೂರು, ಬೆಳೆ ಸಮೀಕ್ಷೆಯಲ್ಲಿ ಅಡಿಕೆ ಅಂತಲೇ ದಾಖಲಾಗಿದೆಯಾ ಪರೀಕ್ಷಿಸಿ. ನಾಲ್ಕು, ಆಧಾರ್ ಜೋಡಣೆ ಇರೋ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರಲಿ, ದುಡ್ಡು ನೇರ ಅಲ್ಲಿಗೇ ಬರೋದು. ಐದು, ಮರ ಬಿದ್ದರೆ ಕಡಿದು ಸಾಗಿಸೋ ಮೊದಲು ಫೋಟೋ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ.

16 ರೂಪಾಯಿಯ ಲೆಕ್ಕ ಬದಲಾಗಬೇಕಾದರೆ ದಿಲ್ಲಿ, ಬೆಂಗಳೂರಲ್ಲಿ ಆಗಬೇಕು. ಆದರೆ ದಾಖಲೆ ಸರಿ ಇಲ್ಲ ಅಂತ ಆ 16 ರೂಪಾಯಿಯೂ ತಪ್ಪಿಹೋಗದ ಹಾಗೆ ನೋಡ್ಕೊಳ್ಳೋದು ನಮ್ಮ ಕೈಯಲ್ಲೇ ಉಂಟು.