ಪರರ ಚಿತ್ರ, ನಮ್ಮ ಉಪನ್ಯಾಸ

ಕಳೆದ ವರ್ಷ ಬ್ಯಾಂಕಿನ ತರಬೇತಿ ಶಿಬಿರವೊಂದರಲ್ಲಿ ಸಾಲವಸೂಲಿಯನ್ನು ಕುರಿತು ಮಾತನಾಡುವಾಗ ಪತ್ರಿಕೆಯೊಂದರ ವ್ಯಂಗ್ಯಚಿತ್ರವನ್ನು ತೆರೆಯ ಮೇಲೆ ತೋರಿಸಿದೆ. ಸಭೆ ನಕ್ಕಿತು. ಅನಂತರ ಕಿರಿಯ ಅಧಿಕಾರಿಯೊಬ್ಬರು, "ಸಾರ್, ಇದಕ್ಕೆ ಅನುಮತಿ ಪಡೆದಿದ್ದೀರಾ?" ಎಂದರು. "ಕೆಳಗೆ ಕಲಾವಿದರ ಹೆಸರಿದೆಯಲ್ಲ!" ಎಂದೆ. ಅಡವಿಟ್ಟ ಒಡವೆಗೆ ಒಡೆಯನ ಹೆಸರಿನ ಚೀಟಿ ಅಂಟಿಸಿದ ಮಾತ್ರಕ್ಕೆ ಅದನ್ನು ನಾವು ಧರಿಸಬಹುದೇ? ಬ್ಯಾಂಕಿನವನಾದ ನನಗೇ ಇದು ಹೊಳೆಯಲಿಲ್ಲ.

1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಲೇಖಕ ಅಥವಾ ಕಲಾವಿದನು ಬದುಕಿರುವಾಗ ಪ್ರಕಟವಾದ ಕೃತಿಯ ಹಕ್ಕು ಅವನ ಮರಣಾನಂತರವೂ 60 ವರ್ಷ ಉಳಿಯುತ್ತದೆ. 1946ರಲ್ಲಿ ಗತಿಸಿದ ಕೈಲಾಸಂ ಅವರ ಅಂತಹ ನಾಟಕಗಳು ಇಂದು ಎಲ್ಲರ ಸೊತ್ತು. 1981ರಲ್ಲಿ ಅಗಲಿದ ಬೇಂದ್ರೆಯವರ ಕವನಗಳಿಗೆ 2041ರ ಅಂತ್ಯದವರೆಗೂ ರಕ್ಷಣೆಯುಂಟು. ನೋಂದಣಿ ಕಡ್ಡಾಯವಲ್ಲ.

ಸ್ವಂತ ಅಧ್ಯಯನ, ವಿಮರ್ಶೆ, ವರ್ತಮಾನದ ವರದಿ ಇವುಗಳಿಗೆ ನ್ಯಾಯೋಚಿತ ಬಳಕೆಯನ್ನು 52ನೆಯ ಕಲಮು ಒಪ್ಪುತ್ತದೆ. ಆ ಚಿತ್ರವನ್ನೇ ವಿಮರ್ಶಿಸಿದ್ದರೆ ನನಗೂ ಅದರ ಆಶ್ರಯ ದೊರೆಯುತ್ತಿತ್ತೇನೋ. ನಾನು ನಗಿಸಲೆಂದು ತಂದಿದ್ದೆ!

ಅಂಕಿಅಂಶಕ್ಕೆ, ಬರಿಯ ವಿಚಾರಕ್ಕೆ ಸ್ವಾಮ್ಯವಿಲ್ಲ; ಅದನ್ನು ನಿರೂಪಿಸಿದ ಮಾತಿಗೆ, ಬಿಡಿಸಿದ ಚಿತ್ರಕ್ಕೆ ಉಂಟು. ಆದುದರಿಂದ ಈಗ ಅಂಕಿಗಳನ್ನಷ್ಟೇ ಪಡೆದು, ಮೂಲವನ್ನು ಹೆಸರಿಸಿ, ನಕ್ಷೆಯನ್ನು ನಾನೇ ಬರೆಯುತ್ತೇನೆ, ತುಸು ಸೊಟ್ಟಗಿರುತ್ತದೆ. ವ್ಯಂಗ್ಯಚಿತ್ರಕ್ಕಾಗಿ ಪತ್ರಿಕೆಗೆ ಕಾಗದ ಬರೆದಿದ್ದೇನೆ. ಉತ್ತರ ಬರುವವರೆಗೆ ಸಭೆಯನ್ನು ನಗಿಸುವ ಹೊಣೆ ನನ್ನ ನಕ್ಷೆಯದೇ.