ನಾಯಿ ಬೊಗಳಿದಾಗೆಲ್ಲ ಬಂದವನು ಕಳ್ಳನಲ್ಲ

ಮಿನಿ ಪ್ರಾಜೆಕ್ಟ್‌ನ ಪೈಥಾನ್ ಕೋಡನ್ನು ಪೈಇನ್‌ಸ್ಟಾಲರ್‌ನಲ್ಲಿ ಇಎಕ್ಸ್‌ಇ ಮಾಡಿ ಡೆಮೊಗೆ ಅಂತ ಲ್ಯಾಬ್ ಸಿಸ್ಟಮ್‌ಗೆ ಹಾಕ್ತೀವಿ. ಕೆಲವೊಮ್ಮೆ ಆಂಟಿವೈರಸ್ 'ಟ್ರೋಜನ್' ಅಂತ ಕೂಗಿ ಅದನ್ನು ಕ್ವಾರಂಟೈನ್‌ಗೆ ತಳ್ಳಿಬಿಡುತ್ತೆ. ನಾವೇ ಬರೆದ ಕೋಡ್ ವೈರಸ್ ಆಗಿದ್ದು ಯಾವಾಗ? ನಿರಪರಾಧಿ ಫೈಲಿನ ಮೇಲೆ ಬರುವ ಈ ಸುಳ್ಳು ಆರೋಪಕ್ಕೆ ಫಾಲ್ಸ್ ಪಾಸಿಟಿವ್ ಅಂತಾರೆ.

ಆಂಟಿವೈರಸ್ ಆಗಲಿ, ಆಂಟಿ-ಸ್ಪೈವೇರ್ ಆಗಲಿ, ಮುಖ್ಯವಾಗಿ ಎರಡು ದಾರಿ ಹಿಡಿಯುತ್ತವೆ. ಒಂದು ಸಿಗ್ನೇಚರ್: ಗೊತ್ತಿರುವ ಮಾಲ್‌ವೇರ್‌ನ ಬೈಟ್‌ಗಳ ಗುರುತು ಫೈಲಿನಲ್ಲಿದೆಯಾ ಅಂತ ಹುಡುಕೋದು. ಇನ್ನೊಂದು ಹ್ಯೂರಿಸ್ಟಿಕ್: ಲಕ್ಷಣ, ನಡವಳಿಕೆ ನೋಡಿ ಅನುಮಾನಪಡೋದು. ಪೈಇನ್‌ಸ್ಟಾಲರ್‌ನ ಬೂಟ್‌ಲೋಡರ್ ನಮ್ಮ ಫೈಲಿನಲ್ಲೂ ಇರುತ್ತೆ, ಅದನ್ನೇ ಬಳಸಿ ಮಾಲ್‌ವೇರ್ ಕಟ್ಟಿದವನ ಫೈಲಿನಲ್ಲೂ ಇರುತ್ತೆ. ಸಾಲದ್ದಕ್ಕೆ ಒಂದೇ ಫೈಲಾಗಿ ಕಟ್ಟಿದ ಇಎಕ್ಸ್‌ಇ ಓಡುವಾಗ ತನ್ನ ಸಾಮಾನನ್ನೆಲ್ಲ ಟೆಂಪ್ ಫೋಲ್ಡರ್‌ನಲ್ಲಿ ಬಿಚ್ಚುತ್ತೆ. ಡಿಜಿಟಲ್ ಸಹಿಯೂ ಇಲ್ಲ. ಅನುಮಾನಕ್ಕೆ ಇಷ್ಟು ಸಾಕು.

ಒಂದು ಲೆಕ್ಕ ನೋಡೋಣ. ಸಿಸ್ಟಮ್‌ನಲ್ಲಿ 2,00,000 ಫೈಲ್‌ಗಳಿವೆ, ತಪ್ಪಾಗೋದು 10,000ಕ್ಕೆ ಒಂದರಲ್ಲಿ ಮಾತ್ರ ಅಂದುಕೊಳ್ಳಿ. ಆದರೂ 20 ಒಳ್ಳೆಯ ಫೈಲ್‌ಗಳು ಸಿಕ್ಕಿಬೀಳುತ್ತವೆ. ಅದರಲ್ಲಿ ಒಂದು ವಿಂಡೋಸ್‌ಗೇ ಬೇಕಾದ್ದಾದರೆ?

2010ರ ಏಪ್ರಿಲ್ 21ರಂದು ಹಾಗೇ ಆಯಿತು. ಮೆಕಾಫಿಯ 5958 ಸಂಖ್ಯೆಯ ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ 'ಎಸ್‌ವಿಸಿಹೋಸ್ಟ್' ಫೈಲನ್ನೇ ವೈರಸ್ ಅಂತ ತಿಳಿಯಿತು. ವಿಂಡೋಸ್‌ನ ಎಷ್ಟೋ ಸರ್ವಿಸ್‌ಗಳು ಓಡೋದೇ ಆ ಫೈಲಿನ ಮೂಲಕ. ಕಂಪ್ಯೂಟರ್‌ಗಳು ಮತ್ತೆಮತ್ತೆ ರೀಸ್ಟಾರ್ಟ್ ಆದವು, ನೆಟ್‌ವರ್ಕ್ ಹೋಯಿತು. ನೆಟ್‌ವರ್ಕೇ ಇಲ್ಲದ ಮೇಲೆ ಪರಿಹಾರದ ಫೈಲ್ ಬರೋದು ಹೇಗೆ? ಒಂದೊಂದೇ ಸಿಸ್ಟಮ್ ಹತ್ತಿರ ಹೋಗಿ ಕೈಯಾರೆ ಸರಿಮಾಡಬೇಕಾಯಿತು.

ಹಾಗಂತ ಆಂಟಿವೈರಸ್ಸನ್ನೇ ಆಫ್ ಮಾಡೋದು ಮದ್ದಲ್ಲ. ಕೋಡ್ ನಮ್ಮದೇ, ಬಿಲ್ಡ್ ಮಾಡಿದ್ದೂ ನಾವೇ ಅಂದ್ರೆ ಆ ಒಂದು ಫೋಲ್ಡರ್‌ಗೆ ಮಾತ್ರ ವಿನಾಯಿತಿ ಕೊಡೋಣ. ಡೌನ್‌ಲೋಡ್ ಮಾಡಿದ ಫೈಲಾದರೆ ಅದರ ಎಸ್‌ಎಚ್‌ಎ-256 ಹ್ಯಾಶ್, ತಯಾರಕರು ಕೊಟ್ಟಿರುವ ಹ್ಯಾಶ್‌ಗೆ ತಾಳೆಯಾಗುತ್ತಾ ನೋಡೋಣ. ಅದೇ ಹ್ಯಾಶನ್ನು ವೈರಸ್‌ಟೋಟಲ್‌ನಲ್ಲೂ ಹುಡುಕಬಹುದು. ಒಂದೆರಡು ಎಂಜಿನ್ ಮಾತ್ರ ಕೂಗಿದ್ರೆ ಫಾಲ್ಸ್ ಪಾಸಿಟಿವ್ ಇರಬಹುದು. ಹತ್ತಾರು ಕೂಗಿದ್ರೆ ಮುಟ್ಟೋದು ಬೇಡ.

ನಿಜವಾದ ಅಪಾಯ ಇರೋದು ಅಭ್ಯಾಸದಲ್ಲಿ. 'ಹುಲಿ ಬಂತು ಹುಲಿ' ಕಥೆಯ ಹಾಗೆ, ನಾಲ್ಕು ಸಲ ಸುಳ್ಳಾದರೆ ಐದನೇ ಸಲ ನಾವು ನೋಡದೇನೇ 'ಅಲೋ' ಒತ್ತುತ್ತೇವೆ. ಕ್ರ್ಯಾಕ್ ಸಾಫ್ಟ್‌ವೇರ್ ಹಂಚುವವರು ಕಾಯೋದು ಇದನ್ನೇ: 'ಇದು ಫಾಲ್ಸ್ ಪಾಸಿಟಿವ್, ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ' ಅಂತ ಅವರೇ ಬರೆದಿರ್ತಾರೆ. ಅಲ್ಲಿ ನಾಯಿ ಬೊಗಳಿದರೆ ನಾಯಿಯನ್ನೇ ನಂಬಿ.