ಎರಡಾಣೆ ಬ್ಯಾಂಕಿನಿಂದ ದಿಲ್ಲಿಗೆ

ಸಂಜೆ ಏಳರ ಸುಮಾರಿಗೆ ಕರ್ಜಗಿಯ ನಮ್ಮ ಕಿರಾಣಿ ಅಂಗಡಿಗೆ ಪಿಗ್ಮಿಯವರು ಬರುತ್ತಾರೆ. ಅಪ್ಪ ಗಲ್ಲಾದಿಂದ ನೂರರ ನೋಟು ತೆಗೆದು ಕೊಡುತ್ತಾರೆ. ವ್ಯಾಪಾರ ಕಮ್ಮಿಯಾದ ದಿನ ಐವತ್ತು. ಜಡಿಮಳೆ ಹಿಡಿದು ಗಿರಾಕಿಯೇ ಸುಳಿಯದಿದ್ದರೆ ‘ನಾಳೆ ಬರ್ರಿ ಅಣ್ಣಾರ’ ಎನ್ನುವುದೂ ಉಂಟು. ನನ್ನ ಬಿಇ ಮೊದಲ ವರ್ಷದ ಫೀ ಕಟ್ಟಿದ್ದು ಹೀಗೆ ಕೂಡಿಟ್ಟ ದುಡ್ಡಿನಲ್ಲೇ. ಆದರೂ ಈ ಪಿಗ್ಮಿ ಎಲ್ಲಿ ಹುಟ್ಟಿತು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದ್ದು ಗೆಳೆಯನ ಜಿ.ಕೆ. ಪುಸ್ತಕ. ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷ ಯಾರು? ಊಹೆಯ ಮೇಲೆ ಟಿಕ್ ಹಾಕಿದೆ, ತಪ್ಪಾಯಿತು. ಸರಿ ಉತ್ತರ ಟಿ.ಎ. ಪೈ. ನಮ್ಮವರೇ, ಉಡುಪಿಯವರು. ಒಂದು ಅಂಕಕ್ಕಾಗಿ ಹುಡುಕಲು ಹೋದವನು ಪೂರ್ತಿ ಒಂದು ರಾತ್ರಿ ಓದುತ್ತ ಕೂತೆ.

ತೋನ್ಸೆ ಅನಂತ ಪೈ ಹುಟ್ಟಿದ್ದು 1922ರಲ್ಲಿ. ಅದಕ್ಕೆ ಮೂರು ವರ್ಷದ ನಂತರ, 1925ರಲ್ಲಿ, ಅವರ ತಂದೆ ಉಪೇಂದ್ರ ಪೈ, ಚಿಕ್ಕಪ್ಪ ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕ್ ತೆರೆದರು. ಬಂಡವಾಳ 8,000 ರೂಪಾಯಿ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. 1928ರಲ್ಲಿ ಅದೇ ಬ್ಯಾಂಕ್ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೇ ಬರುತ್ತಾನೆ, ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಹತ್ತಿರ ಬ್ಯಾಂಕೇ ನಡೆದು ಹೋಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ದೇಶವೆಲ್ಲ ಹರಡಿದ್ದು ಅದೇ.

ಮುಂಬೈನ ಸಿಡ್ನಮ್ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಪೈ ಈ ಮನೆತನದ ಬ್ಯಾಂಕಿಗೇ ಸೇರಿ ಅದರ ಚುಕ್ಕಾಣಿ ಹಿಡಿದರು. 1965ರಲ್ಲಿ ಕೇಂದ್ರ ಸರ್ಕಾರ ಆಹಾರ ನಿಗಮ ಕಟ್ಟಿದಾಗ ಅದರ ಮೊದಲ ಅಧ್ಯಕ್ಷ ಸ್ಥಾನ ಬಂದಿದ್ದು ಈ ಬ್ಯಾಂಕರ್‌ಗೆ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅದರಲ್ಲಿ ಸಿಂಡಿಕೇಟ್ ಕೂಡ ಒಂದು. ಅಪ್ಪ, ಚಿಕ್ಕಪ್ಪ ಕಟ್ಟಿದ್ದು ಒಂದೇ ರಾತ್ರಿಯಲ್ಲಿ ಸರ್ಕಾರದ್ದಾದರೆ ಯಾರಿಗಾದರೂ ಸಿಟ್ಟು ಬಂದೀತು. ಪೈ ಮಾತ್ರ ಆ ಸರ್ಕಾರದೊಳಕ್ಕೇ ಹೋದರು. ಎಲ್‌ಐಸಿ ಅಧ್ಯಕ್ಷರಾದರು. 1972ರಲ್ಲಿ ರಾಜ್ಯಸಭೆ, ಅದೇ ವರ್ಷ ಇಂದಿರಾ ಗಾಂಧಿ ಸಂಪುಟದಲ್ಲಿ ರೈಲ್ವೆ ಮಂತ್ರಿ. ನಮ್ಮ ಕರ್ಜಗಿ ಸ್ಟೇಷನ್ನಿನಲ್ಲಿ ನಿಲ್ಲುವ ರೈಲಿಗೂ ಕೆಲ ತಿಂಗಳು ಅವರೇ ಯಜಮಾನರು! 1973ರ ಶುರುವಿನಲ್ಲೇ ಆ ಖಾತೆ ಬಿಟ್ಟು ಭಾರೀ ಕೈಗಾರಿಕೆಗೆ ಬಂದರು.

ದುಡ್ಡಿದ್ದವರು ರಾಜಕೀಯಕ್ಕೆ ಬರುವುದು ಇವತ್ತು ಸುದ್ದಿಯೇ ಅಲ್ಲ. ಬಂದದ್ದು ಯಾಕೆ ಎಂದು ಚಹಾದಂಗಡಿಯಲ್ಲಿ ಕೂತವರೂ ಹೇಳುತ್ತಾರೆ. ಪೈ ಕೂಡ ಹಾಗೇ ಇರಬಹುದು ಎಂದುಕೊಂಡೇ ಓದುತ್ತಿದ್ದೆ. ಮಾರುತಿ ಪ್ರಕರಣ ಬಂದಾಗ ನಿಂತೆ.

ಸಂಜಯ್ ಗಾಂಧಿಯ ಮಾರುತಿ ಕಂಪನಿಗೆ ಲೈಸೆನ್ಸ್ ಸಿಕ್ಕಿದ್ದು ಪೂರ್ತಿ ಸ್ವದೇಶಿ ಕಾರು ಮಾಡುತ್ತೇವೆ ಎಂಬ ಷರತ್ತಿನ ಮೇಲೆ. ಹಾಗಾದರೆ ಅಲ್ಲಿ ವಿದೇಶಿ ಯಂತ್ರಗಳಿವೆಯೇ ಎಂಬ ಪ್ರಶ್ನೆ 1975ರಲ್ಲಿ ಸಂಸತ್ತಿಗೆ ಬಂತು. ಉತ್ತರ ಸಿದ್ಧಪಡಿಸಲು ನಾಲ್ವರು ಅಧಿಕಾರಿಗಳು ಮಾಹಿತಿ ಕೂಡಿಸತೊಡಗಿದರು. ಪೈ ಅವರ ಇಲಾಖೆಯವರೂ ಅದರಲ್ಲಿದ್ದರು. ಅವರು ಮಾಡಿದ್ದು ತಮ್ಮ ನೌಕರಿಯ ಕೆಲಸ, ಅಷ್ಟೇ. ಸಿಬಿಐ ಅವರ ಬೆನ್ನು ಹತ್ತಿತು. ಸರ್ಕಾರಿ ನೌಕರಿಗಾಗಿ ಹಗಲು ರಾತ್ರಿ ಓದುತ್ತಿರುವವರು ಆ ನಾಲ್ವರ ಜಾಗದಲ್ಲಿ ತಮ್ಮನ್ನು ಒಮ್ಮೆ ಇಟ್ಟು ನೋಡಬೇಕು.

1977ರಲ್ಲಿ ಕಾಂಗ್ರೆಸ್ ದಿಲ್ಲಿಯಲ್ಲಿ ಸೋತಿತು. ಆ ಚುನಾವಣೆಯಲ್ಲೂ ಪೈ ಉಡುಪಿಯಿಂದ ಕಾಂಗ್ರೆಸ್ ಸಂಸದರಾಗಿ ಗೆದ್ದರು. ತುರ್ತು ಪರಿಸ್ಥಿತಿ ಕಾಲದ ಅತಿರೇಕಗಳ ವಿಚಾರಣೆಗೆ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಕೂತಾಗ ಅದರ ಮುಂದೆ ಬಂದು ಸಾಕ್ಷಿ ಹೇಳಿದರು. ಪ್ರಧಾನಿ ತಮ್ಮನ್ನು ಕರೆಸಿದ್ದು, ಆ ಅಧಿಕಾರಿಗಳ ಮೇಲೆ ಕೆಂಡವಾಗಿದ್ದು, ಎಲ್ಲ ದಾಖಲಾಯಿತು. ಯಾರ ಸಂಪುಟದಲ್ಲಿ ಕೂತಿದ್ದರೋ ಅವರ ವಿರುದ್ಧವೇ ಬಹಿರಂಗ ಸಾಕ್ಷಿ. 1980ರಲ್ಲಿ ಇಂದಿರಾ ಮತ್ತೆ ಗೆದ್ದು ಬಂದಾಗ ಉಡುಪಿಯ ಸೀಟು ಆಸ್ಕರ್ ಫರ್ನಾಂಡಿಸ್ ಪಾಲಾಯಿತು. ಮರುವರ್ಷ ಪೈ ತೀರಿಕೊಂಡರು. ವಯಸ್ಸು 59.

ನನಗೆ ಈ ಮನುಷ್ಯ ದೊಡ್ಡವರೆನಿಸಿದರು. ಅದೇ ಹುರುಪಿನಲ್ಲಿ ಊರಿಗೆ ಬಂದಾಗ ಅಂಗಡಿಯಲ್ಲಿ ಕೂತು ಅಪ್ಪನಿಗೆ ಎಲ್ಲ ಹೇಳಿದೆ. ನಮ್ಮ ಭಾಗದ ಹಳ್ಳಿಗಳಿಗೆ ಬಂದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಕೂಡ ಸಿಂಡಿಕೇಟ್ ಪ್ರಾಯೋಜಿಸಿದ್ದೇ ಎಂದೆ. ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲಿತ್ತಲ್ಲ, ಅಪ್ಪನಿಗೆ ಆ ಹೆಸರು ಚೆನ್ನಾಗಿ ನೆನಪಿದೆ. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ ಸೇರಿ ಆ ಬೋರ್ಡೂ ಹೋಯಿತು ಎಂದೆ. ಅಪ್ಪ ಸಕ್ಕರೆ ಪೊಟ್ಟಣ ಕಟ್ಟುತ್ತಲೇ ಕೇಳುತ್ತಿದ್ದರು. ಸಾಕ್ಷಿಯ ಕಥೆ ಮುಗಿದ ಮೇಲೆ ಒಂದೇ ಮಾತು ಕೇಳಿದರು: ‘ಆ ನಾಕ್ ಮಂದಿ ಮನಿಗೆ ಸಿಬಿಐದವ್ರು ಹೋದಾಗ ಈ ಮಂತ್ರಿ ರಾಜೀನಾಮೆ ಯಾಕ ಕೊಡಲಿಲ್ಲ?’

ಇದು ನನಗೆ ಹೊಳೆದೇ ಇರಲಿಲ್ಲ. 1975ರಿಂದ 1977ರವರೆಗೆ ಎರಡು ವರ್ಷ. ಮಂತ್ರಿಯಾಗಿದ್ದಾಗ ಬಾಯಿ ಬಿಟ್ಟಿದ್ದರೆ ಖಾತೆ ಹೋಗುತ್ತಿತ್ತು, ಇನ್ನೇನು ಹೋಗುತ್ತಿತ್ತೋ. ಮನೆಯಲ್ಲಿ ಅಷ್ಟೊಂದು ಆಸ್ತಿ ಇದ್ದವರಿಗೂ ಅಂಜಿಕೆ ಇರುತ್ತದೆಯೇ? ಸೋತ ಮೇಲೂ ಎಷ್ಟೋ ಮಂದಿ ಸುಮ್ಮನಿದ್ದರು, ಇವರು ಹೇಳಿದರಲ್ಲ ಎಂದೆ. ‘ಅದೂ ಖರೆ’ ಎಂದರು ಅಪ್ಪ. ಮುಂದೆ ಮಾತು ಬೆಳೆಯಲಿಲ್ಲ. ಹೊರಗೆ ಬೈಕ್ ನಿಂತಿತು. ಪಿಗ್ಮಿಯವರು ಕೈಯಲ್ಲಿ ಮಷೀನ್ ಹಿಡಿದು ಒಳಗೆ ಬಂದರು. ಅವತ್ತು ವ್ಯಾಪಾರ ಪರವಾಗಿರಲಿಲ್ಲ. ಅಪ್ಪ ನೂರು ಕೊಟ್ಟು ಚೀಟಿ ಇಸಿದುಕೊಂಡರು.